ಮೂವತ್ತೊಂದನೇ ಖಾನೆ

ಮಾವನ ಅಂಗಡಿಯಲ್ಲಿ ಮೇಜಿನ ಮೇಲೆ ಒಂದು ಸೂಜಿಯೂ ಕಾಣುವಂತಿರಲಿಲ್ಲ. ಹೊಲಿಗೆ ಮಷೀನು ರಿಪೇರಿಯ ಅಂಗಡಿ ಅದು. ಗೋಡೆಯುದ್ದಕ್ಕೂ ನೂರ ನಲವತ್ತು ಮರದ ಖಾನೆಗಳು, ಎಲ್ಲವೂ ಮುಚ್ಚಿಯೇ ಇರಬೇಕು. "ಬೇಕಾದವರು ಕೇಳ್ತಾರೆ, ಕೇಳಿದವರಿಗೆ ತೆಗೆದು ಕೊಡ್ತೀವಿ. ಹರಡ್ಕೊಂಡು ಕೂರೋಕೆ ಇದೇನು ಸಂತೆನಾ?" ಎನ್ನುತ್ತಿದ್ದರು. ಊರಿಗೆಲ್ಲ ಅವರು ಮೇಸ್ತ್ರಿ. ಯಾವ ಖಾನೆಯಲ್ಲಿ ಏನಿದೆ ಎಂಬ ಪಟ್ಟಿಯೂ ಬಾಗಿಲ ಹಿಂದೆ, ಗಿರಾಕಿಯ ಕಣ್ಣಿಗೆ ಬೀಳದಂತೆ ನೇತಾಡುತ್ತಿತ್ತು.

ಸೊಸೆಗೆ ಆ ಅಂಗಡಿಯೆಂದರೆ ಪ್ರಾಣ. ಮದುವೆಯಾಗಿ ಬಂದಾಗ ಅವಳಿಗೆ ಸ್ಕ್ರೂ ಯಾವ ಕಡೆ ತಿರುಗುತ್ತದೆ ಎಂಬುದೂ ಗೊತ್ತಿರಲಿಲ್ಲ. ಒಂದು ದಿನವೂ ಗದರದೆ ಮಾವ ಅ ಆ ಇ ಈಯಿಂದ ಕಲಿಸಿದ್ದರು. ಈ ಋಣ ಹೇಗೆ ತೀರಿಸಲಿ ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು. ಹೊಗಳಿಕೆ ಮಾತ್ರ ಮಾವನ ಬಾಯಲ್ಲಿ ಬಲು ತುಟ್ಟಿ. ಕೆಲಸ ಬಹಳ ಚೆನ್ನಾಗಿದ್ದರೆ "ಪರವಾಗಿಲ್ಲ" ಅಂದಾರು, ಅಷ್ಟೇ. ಅವರ ಕೈ ನಡುಗಲು ಶುರುವಾದ ಮೇಲೆ, ಒಂದೊಂದು ಹಳೇ ಮಷೀನಿನ ಕಾಯಿಲೆ ಮತ್ತು ಮದ್ದನ್ನು ಅವರು ಹೇಳುತ್ತಾ ಹೋದರು, ಇವಳು ಬರೆದು ಅಂಗಡಿಯ ವೆಬ್‌ಸೈಟಿಗೆ ಹಾಕುತ್ತಾ ಹೋದಳು. ಮೂರು ವರ್ಷಕ್ಕೆ ಇನ್ನೂರ ಹನ್ನೆರಡು ಪುಟಗಳಾದವು.

ಅಲ್ಲಿಯೂ ಮಾವನದೇ ಕಾನೂನು. ಮೊದಲ ಪುಟದಲ್ಲಿ ಅಂಗಡಿಯ ಫೋಟೋ ಮತ್ತು ಫೋನ್ ನಂಬರ್, ಒಳಗಿನ ಪುಟಗಳಿಗೆ ಒಂದು ಲಿಂಕೂ ಇಲ್ಲ. ಯಾರಾದರೂ ಫೋನ್ ಮಾಡಿ ಕೇಳಿದರೆ ಆ ಪುಟದ ವಿಳಾಸ ಕಳಿಸುವುದು. ಕೇಳುವವರು ಬರಬರುತ್ತಾ ಕಡಿಮೆಯಾದರು, ಆಮೇಲೆ ಇಲ್ಲವೇ ಆದರು.

"ಯಾರಿಗೂ ಬೇಡದ್ದನ್ನ ಎಷ್ಟು ದಿನ ಅಂತ ಒರೆಸಿ ಇಡೋದಮ್ಮ?" ಎಂದರು ಮಾವ ಒಂದು ಬೆಳಿಗ್ಗೆ. "ಇಪ್ಪತ್ತನೇ ತಾರೀಕು ಗುಜರಿಯವನಿಗೆ ಬರೋಕೆ ಹೇಳಿದೀನಿ. ಬರೆಯೋದೂ ಸಾಕು."

ಅವಳು ಕಂಪ್ಯೂಟರಿನ ಮುಂದೆ ಕೂತಳು. ತಾನೇ ಬರೆದ ವಾಕ್ಯಗಳನ್ನು ಸರ್ಚ್ ಎಂಜಿನ್ನಿಗೆ ಕೊಟ್ಟು ಹುಡುಕಿದಳು. ಒಂದೂ ಸಿಗಲಿಲ್ಲ. ಅದರ ಬಗ್ಗೆ ಓದಿ ನೋಡಿದಾಗ ಕಾರಣ ತಿಳಿಯಿತು: ಸರ್ಚ್ ಎಂಜಿನ್ ಲಿಂಕು ಹಿಡಿದು ಪುಟದಿಂದ ಪುಟಕ್ಕೆ ಹೋಗುತ್ತದೆ, ಇಲ್ಲಿ ಹಿಡಿಯಲು ಲಿಂಕೇ ಇಲ್ಲ. ಅದಕ್ಕೆ ಸೈಟ್‌ಮ್ಯಾಪ್ ಎಂಬುದೊಂದನ್ನು ಕೊಡಬೇಕಂತೆ. ಏನೂ ದೊಡ್ಡ ವಿದ್ಯೆಯಲ್ಲ, ಎಲ್ಲ ಪುಟಗಳ ವಿಳಾಸ ಬರೆದ ಒಂದು ಫೈಲು. ಅವಳು ಬಾಗಿಲ ಹಿಂದಿನ ಪಟ್ಟಿ ನೋಡಿ ಹಣೆ ಚಚ್ಚಿಕೊಂಡಳು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು!

"ಸಾಮಾನು ಹೊರಗೆ ಹರಡ್ತೀಯಾ?" ಎಂದು ಅವಳ ಮಾತು ಕೇಳಿ ಮಾವ ಹುಬ್ಬುಗಂಟಿಕ್ಕಿದರು.

"ಇಲ್ಲ ಮಾವ, ನಿಮ್ಮ ಪಟ್ಟಿ ಥರಾನೇ. ಹುಡುಕೋರ ಕೈಗೆ ಮಾತ್ರ."

"ಹಂಗಾದ್ರೆ ಮಾಡ್ಕೋ."

ಎರಡು ದಿನ ಕೂತು ಇನ್ನೂರ ಹನ್ನೆರಡು ವಿಳಾಸಗಳನ್ನೂ ಸೇರಿಸಿ ಕಳಿಸಿದಳು. ಪಟ್ಟಿ ಕೊಟ್ಟ ಮಾತ್ರಕ್ಕೆ ಖಾತ್ರಿಯೇನಿಲ್ಲ, ಸರ್ಚ್ ಎಂಜಿನ್ ತನಗೆ ಪುರುಸೊತ್ತಾದಾಗ ಬಂದು ನೋಡುತ್ತದೆ. ವಾರ ಕಳೆದ ಮೇಲೆ ಹುಡುಕಿದರೆ ಮೂರು ಪುಟ ಸಿಕ್ಕವು, ಮತ್ತೆ ನಾಲ್ಕು ದಿನಕ್ಕೆ ನಲವತ್ತು. ಆದರೆ ಫೋನು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.

ಇಪ್ಪತ್ತಕ್ಕೆ ಗುಜರಿಯವನು ಗೋಣಿಚೀಲ ಹಿಡಿದು ಬಂದ. ಒಂದೊಂದೇ ಖಾನೆ ಎಳೆದು ಸುರಿಯತೊಡಗಿದ. ಮಾವ ಆ ಕಡೆ ಮುಖ ತಿರುಗಿಸಿ ಕೂತರು. ಮೂವತ್ತೊಂಬತ್ತು ಖಾನೆ ಬರಿದಾಗಿತ್ತು, ಫೋನು ಹೊಡೆದುಕೊಂಡಿತು. ಸೊಸೆ ಸ್ಪೀಕರ್ ಹಾಕಿದಳು.

ಯಾವುದೋ ದೂರದ ಊರಿನ ಹೆಂಗಸು. "ಉಲ್ಟಾ ತಿರುಗೋ ಸ್ಕ್ರೂ ಬಗ್ಗೆ ನೀವು ಬರೆದಿದ್ದು ಹುಡುಕಿದ ತಕ್ಷಣ ಸಿಕ್ತು. ನಂಗೆ ಮೊದಲೇ ಗೊತ್ತಿದ್ದಿದ್ರೆ! ಬಿಚ್ಚೋಕೆ ಹೋಗಿ ಬಿಗಿ ಮಾಡಿ ಮುರಿದು ಹಾಕ್ದೆ. ನಮ್ಮಮ್ಮನ ಮಷೀನು ಅದು. ಅಂಥದ್ದೊಂದು ಸ್ಕ್ರೂ ನಿಮ್ಮ ಹತ್ರ ಇದ್ಯಾ?"

"ಮೂವತ್ತೊಂದು," ಎಂದರು ಮಾವ, ಪಟ್ಟಿ ನೋಡದೆಯೇ. ಮೂವತ್ತೊಂದು ಚೀಲದೊಳಗಿತ್ತು.

ಚೀಲವನ್ನು ನೆಲಕ್ಕೆ ಸುರಿದರು. ಮೂವರೂ ಮಂಡಿಯೂರಿ ಕೂತರು. "ಗುಜರಿಗೆ ಬಂದದ್ದನ್ನ ವಾಪಸ್ ಹುಡುಕಿಕೊಟ್ಟ ಪಾಪ ನಂಗೆ ಇದುವರೆಗೆ ಅಂಟಿರಲಿಲ್ಲ," ಎಂದು ಗೊಣಗುತ್ತಲೇ ಕೆದಕಿದ ಗುಜರಿಯವನಿಗೇ ಅದು ಸಿಕ್ಕಿತು. ಮಾವ ನಡುಗುವ ಹೆಬ್ಬೆರಳಿನಿಂದ ಅದರ ಸುತ್ತುಗಳನ್ನು ಸವರಿದರು. "ಇದೇ," ಎಂದರು. ಅವರ ಕಣ್ಣು ತುಂಬಿತ್ತು. "ಇವತ್ತಿಗೆ ಹೋಗಪ್ಪ, ಇನ್ಯಾವುದನ್ನೂ ಕೊಡಲ್ಲ."

"ನಿಮಗೆ ಪುಣ್ಯ ಬರಲಿ!" ಎಂದಿತು ಫೋನಿನ ದನಿ. "ಅದನ್ನ ಕೂರಿಸೋದು ಹೇಗೆ ಅಂತ ಸ್ವಲ್ಪ ಹೇಳಿಕೊಡ್ತೀರಾ? ಮೇಸ್ತ್ರಿ ಇದ್ದಾರಾ ಅಲ್ಲಿ?"

ಸೊಸೆ ಫೋನನ್ನು ಮಾವನಿಗೆ ಕೊಡಲು ಹೋದಳು. ಅವರು ಅವಳ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, ಫೋನಿನತ್ತ ಬಾಗಿದರು.

"ಇದ್ದಾರೆ ತಾಯಿ, ಇಲ್ಲೇ ಇದ್ದಾರೆ. ಹೊಸ ಪುಟಾನೂ ಅವರೇ ಬರೀತಾರೆ. ಮಾತಾಡಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೇಳಿ ಅಕ್ಕಾ," ಎಂದಳು, "ಮೇಸ್ತ್ರಿ ಮಾತಾಡ್ತಿದೀನಿ."