ಎರಡು ಮುಚ್ಚಳ ಔಷಧಿ

‘ವಾಸನೆ ಯಾಕೋ ಬೇರೆ ಇತ್ತು. ಕೇಳಬೇಕಿತ್ತು, ಕೇಳಲಿಲ್ಲ.’

ಡೈರಿಯಲ್ಲಿ ಇಷ್ಟು ಬರೆದು ಪವಿತ್ರ ಪೆನ್ನಿನ ಮುಚ್ಚಳ ಹಾಕಿದಳು. ಮತ್ತೆ ತೆಗೆದು ಸಾಲಿನ ಮೇಲೆ ಒಂದು ಗೀಟು ಎಳೆದಳು. ಗೀಟಿನ ಕೆಳಗೂ ಅಕ್ಷರ ಕಾಣುತ್ತಲೇ ಇತ್ತು.

ಇಷ್ಟಕ್ಕೂ ಅದೇನು ಮಹಾ ವಿಷಯ? ಸಂಜೆ ಡ್ರೈವರ್ ಪುಟ್ಟಸಿದ್ದಯ್ಯ ಮನೆಗೆ ಹೊರಟವನು, ಬಸ್ಸು ತಪ್ಪೀತೆಂಬ ಅವಸರದಲ್ಲಿ ಗೇಟಿನಿಂದಲೇ ಕೂಗಿ ಹೇಳಿದ್ದ: “ಪವಿತ್ರವ್ವ, ಬೆಳಿಗ್ಗೆ ಚಳಿ ಬಲು ಜೋರು. ಕಾರಿಗೆ ಔಸ್ದಿ ಉಯ್ಯೋದ ಮರ್ತುಬುಟ್ಟೆ ಕಣವ್ವ. ಉಳದ್ಮನೆ ಬಾಗ್ಲಿಂದೆ ಮಡಗಿವ್ನಿ. ಎರಡು ಮುಚ್ಚಳ ಉಯ್ದ್ಬುಡು.”

ಪವಿತ್ರ ತಲೆಯಾಡಿಸಿದ್ದಳು. ರೇಷ್ಮೆಹುಳದ ಮನೆಯ ಬಾಗಿಲ ಹಿಂದೆ ನೋಡಿದಾಗ ಬಿಳಿ ಕ್ಯಾನು ಕಂಡಿತು. ಮೇಲೆ ‘ಔಷಧಿ’ ಎಂದು ದುಂಡಗೆ ಬರೆದಿತ್ತು. ಎರಡು ಮುಚ್ಚಳ ಉಯ್ದಳು. ಚಳಿ ಜೋರು ಅಂದನಲ್ಲ, ಎಂದು ಇನ್ನೆರಡು ಉಯ್ದಳು. ಆಗ ಮೂಗಿಗೆ ಬಡಿದ ಘಾಟು, ಹುಳದ ಪ್ರತಿ ಬೆಳೆ ಮುಗಿದ ಮೇಲೆ ಹುಳದ ಮನೆ ತೊಳೆಯುವಾಗ ಬರುವಂಥದೇ ಘಾಟು. ಅಲ್ಲೇ ಇಟ್ಟಿದ್ದರಿಂದ ಆ ಮನೆಯ ವಾಸನೆ ಇದಕ್ಕೂ ಹತ್ತಿರಬೇಕು ಎಂದು ತನಗೆ ತಾನೇ ಹೇಳಿಕೊಂಡು ಡೀಸೆಲ್ ಟ್ಯಾಂಕು ಮುಚ್ಚಿದ್ದಳು.

ಪುಟ್ಟಸಿದ್ದಯ್ಯನಿಗೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಫೋನು ಎಂದರೆ ಪವಿತ್ರಳಿಗೆ ಬಾಯಿ ಒಣಗುತ್ತಿತ್ತು. ಆ ಕಡೆಯವರು ‘ಹಲೋ’ ಎಂದ ಮೇಲೆ ಈ ಕಡೆಯಿಂದ ಏನಾದರೂ ಹೇಳಬೇಕಲ್ಲ. ಮೆಸೇಜು ಕಳಿಸೋಣವೆಂದರೆ ಅವನಿಗೆ ಓದಲು ಬಾರದು. ಕೊಳ್ಳೇಗಾಲದ ಕಾಲೇಜಿನಲ್ಲಿ ರೇಷ್ಮೆ ವಿಷಯ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದವಳು ಅವಳು. ಬರೆದ ಪರೀಕ್ಷೆಗಳಲ್ಲೆಲ್ಲ ಮೊದಲು. ಬಾಯಿಪರೀಕ್ಷೆಯ ದಿನ ಮಾತ್ರ, ಉತ್ತರವೆಲ್ಲ ನಾಲಿಗೆಯ ತುದಿಯಲ್ಲಿದ್ದರೂ, ಮೇಜಿನ ಗೆರೆ ಎಣಿಸುತ್ತ ಕೂತು ಎದ್ದು ಬಂದಿದ್ದಳು.

ಹನೂರಿನ ಹೊರಗೆ ಅವಳ ಅಪ್ಪ ಶಾಂತಮೂರ್ತಿಯವರದು ಚಾಕಿ ಕೇಂದ್ರ. ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಎರಡು ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಎರಡು ನಿದ್ದೆ, ಕಳೆಯುವತನಕ ಸಾಕಿ, ಆಮೇಲೆ ರೈತರ ಮನೆಗೆ ಮುಟ್ಟಿಸುವ ಕಸುಬು. ಮುಟ್ಟಿಸುವುದು ಹಳೆಯದೊಂದು ಡೀಸೆಲ್ ಕಾರಿನಲ್ಲಿ. ಹಿಂದಿನ ಸೀಟು ಕಿತ್ತು ಹುಳದ ತಟ್ಟೆ ಜೋಡಿಸಲು ಕಂಬಿ ಹಾಕಿಸಿದ್ದರು. ಊರವರು ಅದನ್ನು ‘ಉಳದ ಕಾರು’ ಎನ್ನುತ್ತಿದ್ದರು. ಮಾರ್ಗಶಿರ ಬಂತೆಂದರೆ ಆ ಕಾರಿಗೆ ಬೆಳಗಿನ ಹೊತ್ತು ಕೆಮ್ಮು. ಹೋದ ವರ್ಷ ಪುಟ್ಟಸಿದ್ದಯ್ಯ ಕೊಳ್ಳೇಗಾಲದ ಗಾಡಿ ಸಾಮಾನಿನ ಅಂಗಡಿಯಿಂದ ಡೀಸೆಲ್‌ಗೆ ಬೆರೆಸುವ ಅದೇನನ್ನೋ ತಂದು ಉಯ್ದ. ಕಾರು ಒಂದೇ ಏಟಿಗೆ ಎದ್ದಿತು. ಅಂದಿನಿಂದ ಅದಕ್ಕೂ ‘ಔಷಧಿ’ ಎಂದೇ ಹೆಸರು. ಹಿಪ್ಪುನೇರಳೆಗೆ ಹೊಡೆಯುವುದು, ಹುಳದ ಮನೆಗೆ ಚಿಮುಕಿಸುವುದು, ಇಲಿಗೆ ಇಡುವುದು, ಅಮ್ಮ ಮಂಡಿಗೆ ತಿಕ್ಕಿಕೊಳ್ಳುವುದು, ಆ ಮನೆಯಲ್ಲಿ ಎಲ್ಲವೂ ಔಷಧಿಯೇ.

ಬೆಳಿಗ್ಗೆ ಆರಕ್ಕೆ ಪವಿತ್ರ, ಪುಟ್ಟಸಿದ್ದಯ್ಯ ಕಾರಿನಲ್ಲಿ ಹೊರಟರು; ಅಪ್ಪ ಬೈಕಿನಲ್ಲಿ ಹಿಂದೆ ಬರುವವರಿದ್ದರು. ಮಂಜು ಹೊಲದಿಂದ ಎದ್ದು ರಸ್ತೆಗೆ ಹರಿದಿತ್ತು. ಕಾರು ಕೆಮ್ಮದೆ ಎದ್ದದ್ದು ಕಂಡು ಪವಿತ್ರಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಧನಗೆರೆಯ ನಾಲ್ಕು ಮನೆ, ಆಮೇಲೆ ಯಳಂದೂರು ಕಡೆ ಅಗರದ ಆರು ಮನೆ. ಬಿಸಿಲೇರುವ ಮೊದಲು ಹುಳ ಇಳಿಸಬೇಕು. ಪ್ರತಿ ಮನೆಗೂ ಎಷ್ಟು ಹೊತ್ತಿಗೆ ಸೊಪ್ಪು, ಚಳಿಗೆ ಎಷ್ಟು ಕಾವು ಎಂದು ಅವಳು ಚೀಟಿ ಬರೆದಿದ್ದಳು. ಅವಳು ಬಾಯಲ್ಲಿ ಹೇಳುತ್ತಿರಲಿಲ್ಲ, ಚೀಟಿ ಕೊಡುತ್ತಿದ್ದಳು. ಅಗರದ ಗುರುಸಿದ್ದಮ್ಮ ಅವಳಿಗೆ ‘ಚೀಟಿ ಮೇಡಂ’ ಎಂದು ಹೆಸರಿಟ್ಟಿದ್ದಳು.

“ನೋಡ್ದಾ ಅವ್ವ, ಔಸ್ದಿ ಬಿದ್ರೆ ಎಂಗೆ ಓಯ್ತದೆ ಕುದ್ರೆ,” ಎಂದ ಪುಟ್ಟಸಿದ್ದಯ್ಯ, ಮಫ್ಲರಿನೊಳಗಿಂದ ನಗುತ್ತ.

ಕಾಮಗೆರೆ ದಾಟಿ ಅರ್ಧ ಮೈಲಿ ಹೋಗಿರಬೇಕು. ಕುದುರೆ ಒಮ್ಮೆ ಮುಗ್ಗರಿಸಿತು. ಮತ್ತೊಮ್ಮೆ. ಬಿಳಿ ಹೊಗೆ ಕಾರಿ, ನಡುಗಿ, ರಸ್ತೆಯ ಪಕ್ಕಕ್ಕೆ ಸರಿದು ನಿಂತೇಬಿಟ್ಟಿತು. ಪುಟ್ಟಸಿದ್ದಯ್ಯ ಕೀ ತಿರುವಿದ. ತಿರುವಿ ತಿರುವಿ ಬ್ಯಾಟರಿಯ ದನಿ ಸಣ್ಣಗಾಯಿತು.

“ಅವ್ವ, ಔಸ್ದಿ ಉಯ್ದ್ಯಾ ತಾನೆ?”

ಅವಳು ಹೌದೆಂದು ತಲೆಯಾಡಿಸಿದಳು.

“ಚೀಲ ಬಿಚ್ಚಕ್ಕೆ ಕಷ್ಟ ಆಗ್ನಿಲ್ಲ ತಾನೆ? ಗಂಟು ಬಿಗಿಯಾಗಿ ಆಕಿದ್ದೆ.”

ಚೀಲ? ಬಾಗಿಲ ಹಿಂದೆ, ಕ್ಯಾನಿನ ಮೇಲೆ, ಮೊಳೆಗೊಂದು ಬಟ್ಟೆಯ ಚೀಲ ನೇತಾಡುತ್ತಿದ್ದುದು ಈಗ ಪವಿತ್ರಳ ಕಣ್ಣಿಗೆ ಕಟ್ಟಿತು. ಕಾರಿನ ಔಷಧಿ ಇದ್ದದ್ದು ಅದರಲ್ಲಿ. ಹಾಗಾದರೆ ಕ್ಯಾನಿನಲ್ಲಿದ್ದದ್ದು? ಕ್ಯಾನಿನ ಮೇಲಿದ್ದದ್ದು ಅವಳದೇ ಅಕ್ಷರವೆಂಬುದು ಈಗ ನೆನಪಾಯಿತು. ದೀಪಾವಳಿಯ ಹೊತ್ತಿಗೆ ಹುಳದ ಮನೆ ತೊಳೆಯುವ ದ್ರಾವಣ ಕಲೆಸಿ ತುಂಬಿದ ಅಪ್ಪ, “ಮೇಲೆ ಔಸ್ದಿ ಅಂತ ಬರಿ ಮಗ,” ಅಂದಿದ್ದರು. ‘ಯಾವ ಔಷಧಿ ಅಂತ ಬರೀಲಿ?’ ಎಂಬ ಪ್ರಶ್ನೆ ಅಂದೂ ಗಂಟಲಲ್ಲೇ ಉಳಿದಿತ್ತು. ದಿನಾ ಡೈರಿಯಲ್ಲಿ ಪುಟಗಟ್ಟಲೆ ಬರೆಯುವವಳು ಅಲ್ಲಿ ಒಂದೇ ಪದ ಬರೆದು ಬಂದಿದ್ದಳು.

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನಿಂದ ಬೈಕು ಬಂದು ನಿಂತಿತು. ಅಪ್ಪ. ಅವಳ ಬಾಯಿ ಮುಚ್ಚಿತು.

ಶಾಂತಮೂರ್ತಿಯವರು ಮೊದಲು ಹುಳದ ತಟ್ಟೆಗಳ ಮೇಲಿನ ಒದ್ದೆ ಬಟ್ಟೆ ಎತ್ತಿ ನೋಡಿದರು. ಜ್ವರದಿಂದ ಎದ್ದ ಹುಳುಗಳು ಹಸಿದು ತಲೆಯೆತ್ತಿ ಆಡಿಸುತ್ತಿದ್ದವು. ಅವರು ಫೋನಿನಲ್ಲಿ ಗದರಿ ಗದರಿ ಕಾಮಗೆರೆಯಿಂದ ಒಂದು ಗೂಡ್ಸ್ ಆಟೋ ಗೊತ್ತುಮಾಡಿದರು, ಮೆಕ್ಯಾನಿಕ್ ಶಿವಕುಮಾರಸ್ವಾಮಿಯನ್ನೂ ಕರೆದರು. ಆಟೋ ಬಂತು, ಮೂವರೂ ಸೇರಿ ತಟ್ಟೆಗಳನ್ನು ಏರಿಸಿದರು. ಚೀಟಿಗಳನ್ನು ಪವಿತ್ರ ಆಟೋದವನ ಕೈಗಿಟ್ಟಳು. ಹುಳುಗಳಿಗೆ ದಾರಿಯಾಯಿತು. ಆಗ ಅಪ್ಪ ಕಾರಿನ ಕಡೆ ತಿರುಗಿದರು.

ಶಿವಕುಮಾರಸ್ವಾಮಿ ಮಂಕಿ ಟೋಪಿಯೊಳಗೆ ಮೂಗು ಸೊರಸೊರ ಎನ್ನಿಸುತ್ತ ಬಂದ. ನೆಗಡಿಯಿಂದ ಅವನ ಮಾತೆಲ್ಲ ಮೂಗಿನಲ್ಲೇ.

“ಚಳಿಗೆ ಡೀಸೆಲ್ ಗಟ್ಟಿಯಾಗೈತೇನಪ್ಪ?” ಎಂದರು ಅಪ್ಪ.

“ಇದೇನು ಕಾಶ್ಮೀರವಾ ಸಾ ಗಟ್ಟಿಯಾಗಕ್ಕೆ? ಹೀಟರ್ ಪ್ಲಗ್ ಬದಲಾಯ್ಸಿ ಅಂತ ಮೂರು ವರ್ಷದಿಂದ ಬಡ್ಕತಾವ್ನಿ. ನೀವು ಔಸ್ದಿ ಉಯ್ಕಂಡು ಕೂತಿದ್ದೀರಿ. ಮುದುಕನಿಗೆ ಹಲ್ಲು ಕಟ್ಟಿಸ್ರಯ್ಯ ಅಂದ್ರೆ ಟಾನಿಕ್ ಕುಡುಸ್ದಂಗೆ.” ಅವನು ಬಾನೆಟ್ಟು ಎತ್ತಿ, ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಒಂದು ಬಾಟಲಿಗೆ ಡೀಸೆಲ್ ಇಳಿಸಿದ. ಬೆಳಕಿಗೆ ಹಿಡಿದ. ಮೇಲೆ ಡೀಸೆಲ್ಲು, ತಳದಲ್ಲಿ ಎರಡು ಬೆರಳಿನಷ್ಟು ಮಬ್ಬು ನೀರು. “ಓಹೋ. ನೀರು ಬೆರ್ಸವ್ರೆ.”

“ಯಾರು?” ಎಂದರು ಅಪ್ಪ. ಕೇಳಿದ್ದು ಮೆಕ್ಯಾನಿಕ್ಕನನ್ನು, ನೋಡಿದ್ದು ಪುಟ್ಟಸಿದ್ದಯ್ಯನನ್ನು.

“ನಾನೇನು ಶಾಸ್ತ್ರ ಯೋಳೋನಾ ಸಾ? ಬರೀ ನೀರಾದ್ರೆ ಸೋಸಿ ಬಿಸಾಕಿ ಸ್ಟಾರ್ಟ್ ಮಾಡ್ತೀನಿ. ಬೇರೆ ಏನಾದ್ರೂ ಸೇರಿದ್ರೆ ಮಾತ್ರ ಕೀ ಮುಟ್ಟಂಗಿಲ್ಲ, ಪಂಪ್ ತಿಂದಾಕ್ಬುಡ್ತದೆ. ಏನು ಬಿದ್ದದೆ ಅಂತ ಯಾರಾದ್ರೂ ಯೋಳ್ಬೇಕು. ವಾಸ್ನೆ ನೋಡವ ಅಂದ್ರೆ ನನ್ಗೆ ಈವತ್ತು ನನ್ ಬೀಡಿ ವಾಸ್ನೆನೇ ಗೊತ್ತಾಯ್ತಿಲ್ಲ.”

ಪುಟ್ಟಸಿದ್ದಯ್ಯ ಬಾಟಲಿ ಇಸಿದುಕೊಂಡು ಮೂಸಿದ. ಅವನ ಹುಬ್ಬು ಗಂಟಿಕ್ಕಿತು. ಹದಿನಾರು ವರ್ಷ ಹುಳದ ಮನೆಯ ತಟ್ಟೆ ಹೊತ್ತವನಿಗೆ ಆ ಘಾಟು ತಿಳಿಯದೆ ಇದ್ದೀತೆ? ಅವನು ಮೆಲ್ಲನೆ ತಲೆಯೆತ್ತಿ ಪವಿತ್ರಳ ಮುಖ ನೋಡಿದ. ಒಂದು ಗಳಿಗೆ ಅಷ್ಟೆ. ಆಮೇಲೆ ಬಾಟಲಿಯಲ್ಲಿದ್ದದ್ದನ್ನು ಚರಂಡಿಗೆ ಚೆಲ್ಲಿಬಿಟ್ಟ.

“ಯಾಕ್ಲಾ ಚೆಲ್ದೆ?” ಅಪ್ಪನ ದನಿ ಏರಿತು. “ನೀರು ಉಯ್ದಿರೋದು ಗೊತ್ತಾಗ್ಬಾರ್ದು ಅಂತ್ಲಾ? ಡೀಸೆಲ್ ಯಾಕೋ ಬೇಗ ಖಾಲಿಯಾಯ್ತದೆ ಅಂತ ನಾನು ಮೂರು ತಿಂಗ್ಳಿಂದ ನೋಡ್ತಾನೆ ಇವ್ನಿ. ಮಾರ್ಕಂಡು, ಜಾಗ ತುಂಬ್ಸಕ್ಕೆ ನೀರು ಉಯ್ದಿದ್ದೀಯ.”

“ಬುದ್ದಿ, ಅಂಗನ್ಬೇಡಿ. ಹದಿನಾರು ವರ್ಷ ನಿಮ್ಮನೆ ಅನ್ನ ತಿಂದಿವ್ನಿ.”

“ತಿಂದಿದ್ದಕ್ಕೇ ಹಿಂಗೆ ಮಾಡಿದ್ದು. ಕೊಡ್ಲಾ ಕೀನ.”

ಪುಟ್ಟಸಿದ್ದಯ್ಯ ಕೀ ಕೊಡಲಿಲ್ಲ. ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತ. ಅವನಿಗೆ ಐವತ್ತೆಂಟು. ಎಡಗಣ್ಣಿಗೆ ಪೊರೆ ಆಪರೇಷನ್ ಆಗಿತ್ತು. ಈ ಕಾರು ಬಿಟ್ಟರೆ ಇನ್ನೊಂದು ಕಾರು ಅವನ ಕೈಗೆ ಯಾರೂ ಕೊಡುವುದಿಲ್ಲವೆಂಬುದು ಉಳಿದ ಮೂವರಿಗೂ ಗೊತ್ತಿತ್ತು. ಕಳ್ಳನೆಂದು ಹೆಸರು ಬಿದ್ದ ಮೇಲಂತೂ ಅವನ ಊರಿನ ಜಗಲಿಯ ಮೇಲೆ ಕೂರಲೂ ಆಗದು.

ಹೇಳು, ಹೇಳು ಎಂದು ಪವಿತ್ರ ತನ್ನನ್ನೇ ತಿವಿದುಕೊಂಡಳು. ಮಾತು ಎದೆಯಿಂದ ಏರಿ ಗಂಟಲಿನವರೆಗೆ ಬರುತ್ತಿತ್ತು. ಅಲ್ಲಿ ಅದಕ್ಕೆ ಬಾಗಿಲೇ ಇಲ್ಲದಂತೆ ಮರಳಿ ಹೋಗುತ್ತಿತ್ತು. ಬೆರಳುಗಳು ತಾವಾಗಿಯೇ ಬ್ಯಾಗಿಗೆ ಹೋದವು. ಕೊಡಲು ಮರೆತು ಉಳಿದಿದ್ದ ಚೀಟಿಯೊಂದರ ಹಿಂದೆ, ಬಾನೆಟ್ಟಿನ ಅಂಚಿಗೆ ಒತ್ತಿ ಹಿಡಿದು ಬರೆದಳು: ‘ಅಪ್ಪ, ತಪ್ಪು ನನ್ನದು. ಹುಳದ ಮನೆ ಔಷಧಿಯನ್ನು ನಾನೇ ಟ್ಯಾಂಕಿಗೆ ಹಾಕಿದೆ.’ ನಾಲ್ಕಾಗಿ ಮಡಿಸಿ ಅಪ್ಪನ ಕೈಗಿಟ್ಟಳು. ಸದ್ಯ, ಮುಗಿಯಿತು. ಬರೆದು ತೀರಿಸಲಾಗದ್ದು ಅವಳ ಬದುಕಿನಲ್ಲಿ ಇದುವರೆಗೆ ಯಾವುದೂ ಇರಲಿಲ್ಲ.

ಅಪ್ಪ ಅದರ ಕಡೆ ನೋಡಲೂ ಇಲ್ಲ. “ಯಾವ ಮನೇದು ಉಳ್ಕಂಡದ್ದು? ಅಗರದ್ದಾ? ಆಮೇಲೆ ನಾನೇ ಕೊಡ್ತೀನಿ ಬುಡು,” ಎಂದು ಚೀಟಿಯನ್ನು ಅಂಗಿಯ ಜೇಬಿಗೆ ತುರುಕಿ ಗುಂಡಿ ಹಾಕಿಕೊಂಡರು.

ಪವಿತ್ರಳ ಕಣ್ಣ ಮುಂದೆ ಆ ಜೇಬು ಮಾತ್ರ ಉಳಿಯಿತು. ಅದರೊಳಗೆ ಅವಳ ನಿಜ ನಾಲ್ಕಾಗಿ ಮಡಿಸಿಕೊಂಡು, ಅಪ್ಪನ ಉಸಿರಿಗೆ ಏರುತ್ತ ಇಳಿಯುತ್ತ ಕೂತಿತ್ತು.

“ಸರಿ,” ಎಂದರು ಅಪ್ಪ. “ನೀನು ಸಾಚಾ ಅಲ್ವಾ? ಕಾರೊಳ್ಗೆ ಕರ್ಪೂರ ಅದೆ. ಹಚ್ಚಿ ಆರ್ಸು. ಟ್ಯಾಂಕಿಗೆ ಏನು ಬಿದ್ದದೆ ಅಂತ ನಂಗೊತ್ತಿಲ್ಲ, ಮಾದಪ್ಪನಾಣೆ, ಅಂತ ಆರ್ಸು. ನಾನು ಇನ್ನೊಂದು ಮಾತಾಡಲ್ಲ.”

ಶಿವಕುಮಾರಸ್ವಾಮಿಯ ಮುಖದಿಂದ ನಗು ಇಳಿಯಿತು. “ಬ್ಯಾಡಿ ಸಾ, ಇಷ್ಟಕ್ಕೆಲ್ಲ ಕರ್ಪೂರ ಯಾಕೆ? ಮಾದಪ್ಪನ ಸುದ್ದಿ ಅದು.”

ಮಾದಪ್ಪನ ಹೆಸರಿನಲ್ಲಿ ಉರಿವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡಿದ ಮೇಲೆ ಆ ಕಡೆಯ ಯಾರೂ ಮರುಮಾತು ಆಡುವುದಿಲ್ಲ. ಸುಳ್ಳಾಣೆಯಾದರೆ ಅದು ಆರಿಸಿದವನ ಮನೆಯನ್ನು ಮಕ್ಕಳು ಮೊಮ್ಮಕ್ಕಳ ತನಕ ಹುಡುಕಿಕೊಂಡು ಬರುತ್ತದೆಂಬ ನಂಬಿಕೆ. ಪುಟ್ಟಸಿದ್ದಯ್ಯನಂತೂ ವರ್ಷವರ್ಷವೂ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋಗುವವನು. ಅವನಿಗೆ ಟ್ಯಾಂಕಿಗೆ ಬಿದ್ದದ್ದು ಏನೆಂದು ಗೊತ್ತಿತ್ತು. ಅವಳ ಹೆಸರು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಅವನು ಹೇಳಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಮಾದಪ್ಪನ ಪಟದ ಮುಂದಿದ್ದ ಕರ್ಪೂರದ ಪೊಟ್ಟಣ ತಂದ. ಚಪ್ಪಲಿ ಬಿಟ್ಟ. ಮಂಜಿನಲ್ಲಿ ಬೆಟ್ಟ ಕಾಣದಿದ್ದರೂ ಆ ದಿಕ್ಕಿಗೆ ತಪ್ಪದೆ ತಿರುಗಿ, ರಸ್ತೆಯ ಪಕ್ಕದ ಚಪ್ಪಡಿಯ ಮೇಲೆ ಬಿಲ್ಲೆಯಿಟ್ಟು ಕಡ್ಡಿ ಗೀರಿದ. ಮೊದಲ ಕಡ್ಡಿ ತಂಡಿಗೆ ಹತ್ತಲಿಲ್ಲ. ಎರಡನೆಯದೂ ಹತ್ತಲಿಲ್ಲ.

“ಸಿದ್ದಯ್ಯ...” ಎಂದಳು ಪವಿತ್ರ. ತುಟಿ ಅಲುಗಿತು, ದನಿ ಉಸಿರಿನಷ್ಟೇ.

ಅವನಿಗೆ ಮಾತ್ರ ಕೇಳಿಸಿರಬೇಕು. ತಿರುಗದೆಯೇ, ಅವಳಿಗಷ್ಟೇ ಕೇಳುವಂತೆ ಅಂದ: “ಸುಮ್ಕಿರವ್ವ. ನನ್ ಕೆಲ್ಸ ನಿನ್ಗೆ ಯೋಳ್ಬುಟ್ಟು ಓಗಿದ್ದು ನಾನಲ್ವಾ? ನೀನು ಕಾರಲ್ಲಿ ಕೂತ್ಕೊ ಓಗು, ಚಳಿ.”

ಮೂರನೆಯ ಕಡ್ಡಿ ಹತ್ತಿತು. ಕರ್ಪೂರ ಭಗ್ಗನೆ ಎದ್ದು ಮಂಜಿನಲ್ಲಿ ಒಂದು ಹಳದಿ ಕುಳಿ ಮಾಡಿತು. ಪುಟ್ಟಸಿದ್ದಯ್ಯ ಬಲಗೈ ಎತ್ತಿದ. “ಟ್ಯಾಂಕಿಗೆ ಏನು ಬಿದ್ದದೆ ಅಂತ...” ಎಂದು ಶುರುಮಾಡಿದ. ಕೈ ಜ್ವಾಲೆಯ ಕಡೆ ಇಳಿಯತೊಡಗಿತು.

ಪವಿತ್ರ ಓಡಿಹೋಗಿ ಆ ಕೈ ಹಿಡಿದಳು. ಎರಡೂ ಕೈಯಲ್ಲಿ ಹಿಡಿದಳು. ಬೆಂಕಿಯ ಝಳ ಅವಳ ಮಣಿಕಟ್ಟಿಗೆ ತಾಗಿತು. ಅಪ್ಪ “ಏಯ್!” ಎಂದು ಮುಂದೆ ಬಂದರು. ಅವಳು ಅವರ ಮುಖ ನೋಡಿದಳು, ಮೇಜಿನ ಗೆರೆಯಲ್ಲ, ನೆಲವಲ್ಲ, ಅಪ್ಪನ ಮುಖವನ್ನೇ. ಗಂಟಲಲ್ಲಿದ್ದದ್ದು ಹರಿದುಕೊಂಡು ಬಂತು. ದನಿ ಅವಳದೇ ಎಂದು ಅವಳಿಗೇ ನಂಬಲಾಗದಷ್ಟು ಜೋರಾಗಿತ್ತು:

“ಅಪ್ಪ, ಅದು ಹುಳದ ಮನೆ ಔಷಧಿ. ನಾನೇ ಉಯ್ದೆ.”