ಏಳು ಲೂಪಿನ ತಾಳ

ಮಡಕಶಿರದ ರಂಗನಾಥನು ತನ್ನ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ಪ್ರತಿಜ್ಞೆಯನ್ನು ಕೈಗೊಂಡನು. ತಾನು ಹೊರತರಲಿರುವ ಆಲ್ಬಮ್ಮಿಗೆ ಬೇರೊಬ್ಬರ ಕಿರುಬೆರಳೂ ತಾಗಕೂಡದು. ಗಿಟಾರು ತನ್ನದೇ, ಬಾಸು ತನ್ನದೇ, ಕೀಬೋರ್ಡು ತನ್ನದೇ, ಹೊದಿಕೆಯ ಚಿತ್ರದಲ್ಲಿ ನಿಲ್ಲುವ ಗಡ್ಡವೂ ತನ್ನದೇ. ಪುರಾಣದಲ್ಲಿ ಇಂತಹ ಪ್ರತಿಜ್ಞೆಗಳನ್ನು ಮಾಡಿದವರ ಮೇಲೆ ದೇವತೆಗಳು ಹೂಮಳೆ ಸುರಿಸುತ್ತಿದ್ದರು. ರಂಗನಾಥನಿಗೆ ದೊರೆತದ್ದು ಫೋನಿನೊಳಗಿನ ಹದಿನಾಲ್ಕು ಲೈಕಿನ ಹೆಬ್ಬೆರಳುಗಳು ಮಾತ್ರ.

ಬೆಂಗಳೂರಿನ ಒಂದು ಗಾರ್ಮೆಂಟ್ಸಿನ ಕಟಿಂಗ್ ವಿಭಾಗದಲ್ಲಿ ವಾರವೆಲ್ಲ ಬಟ್ಟೆ ಕತ್ತರಿಸುತ್ತ, ಭಾನುವಾರಗಳಂದು ಒಂದು ಬ್ಯಾಂಡಿನಲ್ಲಿ ಗಿಟಾರು ಬಾರಿಸುತ್ತ ಅವನು ಒಂಬತ್ತು ವರ್ಷ ಕಳೆದಿದ್ದನು. ಆ ಬ್ಯಾಂಡು ನುಡಿಸುತ್ತಿದ್ದುದು ಪ್ರೋಗ್ರೆಸಿವ್ ರಾಕ್. ಮೂರು ನಿಮಿಷದಲ್ಲಿ ಸುಖವಾಗಿ ಮುಗಿಯಬಹುದಾದ ಹಾಡನ್ನು ಇಪ್ಪತ್ತು ನಿಮಿಷದವರೆಗೆ ಎಳೆದು, ನಾಲ್ಕು ಪೆಟ್ಟಿನಲ್ಲಿ ನೆಟ್ಟಗೆ ನಡೆಯುವ ತಾಳಕ್ಕೆ ಏಳೋ ಹನ್ನೊಂದೋ ಕಾಲುಗಳನ್ನು ಜೋಡಿಸಿ ಕುಂಟಿಸುವುದು ಆ ಸಂಗೀತದ ಹಿರಿಮೆ. ಕುಣಿಯಲು ಯತ್ನಿಸಿದವರು ಮುಗ್ಗರಿಸುತ್ತಾರೆ. ಮುಗ್ಗರಿಸದವರು ಅದನ್ನು ಬಾರಿಸುವವರ ಮಿತ್ರರಾಗಿರುತ್ತಾರೆ.

ಅಂತಹ ಬ್ಯಾಂಡಿನಿಂದ ರಂಗನಾಥನನ್ನು ಹೊರಹಾಕಿದ್ದರು. ಡ್ರಮ್ಮು ಬಾರಿಸುವವನು ಎಲ್ಲರ ಮುಂದೆ, "ಸ್ವಲ್ಪ ಜಾಗ ಬಿಟ್ರೆ ಎಲ್ಲಿಗೋ ಹೋಗ್ತೀಯ, ವಾಪಸ್ ಬರೋವಾಗ ಯಾವಾಗ್ಲೂ ಲೇಟು. ನಿನ್ನ ಕಾಯ್ತಾ ಕೂರೋಕೆ ನಾವೇನು ಬಸ್ ಸ್ಟ್ಯಾಂಡಾ?" ಎಂದಿದ್ದನು. ಆ ಮಾತು ರಂಗನಾಥನ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಒಬ್ಬನೇ ಆಲ್ಬಮ್ ಮಾಡಿ, ತಾನು ತಡವಾಗಿ ಬರುವವನಲ್ಲವೆಂದು ತೋರಿಸಬೇಕು. ಅವನಿಗೆ ಬೇಕಾಗಿದ್ದುದು ಅದೊಂದೇ.

ಸದ್ದಿಲ್ಲದ ಜಾಗವನ್ನು ಹುಡುಕುತ್ತ ಅವನು ಮೊದಲು ಊರಿಗೆ ಬಂದು, ತಾಯಿಯ ಹುಳುಮನೆಯಲ್ಲಿ ರೇಷ್ಮೆಹುಳುಗಳ ತಟ್ಟೆಗಳ ನಡುವೆ ಆಂಪ್ಲಿಫೈಯರನ್ನು ಪ್ರತಿಷ್ಠಾಪಿಸಿದನು. ಮೊದಲ ತಂತಿಯನ್ನು ಮೀಟಿದ ಕ್ಷಣದಲ್ಲೇ ತಾಯಿ ಎರ್ರಮ್ಮ ಹಿಪ್ಪುನೇರಳೆ ಸೊಪ್ಪಿನ ಖಾಲಿ ಮಂಕರಿಯೊಡನೆ ಒಳಬಂದಳು.

"ಏನ್ಲಾ ಅದು, ಹಂಗೆ ಒರಲ್ತಾ ಐತೆ?"

"ಅಮ್ಮಾ, ರೆಕಾರ್ಡಿಂಗು. ಒಂದು ಹತ್ತು ದಿನ ಅಷ್ಟೇ."

"ಹುಳ ನಾಕನೇ ಜರಕ್ಕೆ ಕೂತವೆ, ಪೊರೆ ಬಿಡೋ ಹೊತ್ತು. ನಾನೇ ಇಲ್ಲಿ ಬಳೆ ಸದ್ದು ಮಾಡಂಗಿಲ್ಲ, ಇವನು ಗಿಟಾರು ತಂದವ್ನೆ! ಎತ್ಕೊಂಡು ಆಚೆಗೆ ನಡಿ. ಈ ಹುಳ ಗೂಡು ಕಟ್ದಿದ್ರೆ ನಿನ್ ಆ ವೈರಿಂದಾನೆ ಸೀರೆ ನೇಯ್ಸ್ಕೊಡು ನಂಗೆ."

ಹುಳುಗಳ ಮುಂದೆ ಸೋತ ಕಲಾವಿದನಿಗೆ ರಾಯದುರ್ಗವು ನೆನಪಾಯಿತು. ಅಲ್ಲಿ ಅವನ ಅಕ್ಕನ ಗಂಡ ಬಾಲರಾಜು ಏಳೆಂಟು ಯಂತ್ರಗಳ ಒಂದು ಜೀನ್ಸ್ ಘಟಕವನ್ನು ನಡೆಸುತ್ತಿದ್ದನು. ಅವನ ಬಟ್ಟೆಯ ಕೋಣೆಯಲ್ಲಿ ಡೆನಿಮ್ ಬಟ್ಟೆಯ ಥಾನುಗಳನ್ನು ಸೂರಿನವರೆಗೆ ಒಟ್ಟಿದ್ದರು. ಒಳಗೆ ಕೆಮ್ಮಿದರೆ ಆ ಕೆಮ್ಮು ಅಲ್ಲೇ ಸಾಯುತ್ತಿತ್ತು. ಬೆಂಗಳೂರಿನ ಸ್ಟುಡಿಯೋಗಳವರು ಇಂತಹ ನಿಶ್ಶಬ್ದಕ್ಕಾಗಿ ಗೋಡೆಗೆಲ್ಲ ಸ್ಪಂಜು ಮೆತ್ತಿಸುತ್ತಾರೆ. ಇಲ್ಲಿ ಅದು ನೀಲಿಯ ವಾಸನೆಯೊಡನೆ ಪುಕ್ಕಟೆಯಾಗಿತ್ತು.

"ಇರು, ಬ್ಯಾಡ ಅಂದೋರು ಯಾರು?" ಎಂದನು ಬಾಲರಾಜು. "ಆದ್ರ ಥಾನು ದಿನಾ ಕಟಿಂಗಿಗೆ ಹೋಗ್ತಾವು. ನಿನ್ನ ಗ್ವಾಡಿ ಪ್ಯಾಂಟ್ ಆಗಿ ಬಳ್ಳಾರಿ ಬಸ್ ಹತ್ತೋದ್ರಾಗ ಮುಗಿಸ್ಕ್ಯಾ."

ಮೂರು ದಿನಗಳಲ್ಲಿ ಗಿಟಾರು, ಬಾಸುಗಳ ಕೆಲಸವೇನೋ ಸಾಗಿತು. ಬಾಗಿಲಿನಲ್ಲಿ ನಿಂತು ಕೇಳಿದ ಬಾಲರಾಜು, "ಇದು ಹಾಡೋ, ಬೋರು ಕೊರಿಯೋದೋ? ನೀರು ಬಿದ್ರ ಹೇಳು" ಎಂದು ಹೋದನು. ಆದರೆ ಡ್ರಮ್ಮು ಮಾತ್ರ ರಂಗನಾಥನಿಗೆ ಬರುತ್ತಿರಲಿಲ್ಲ. ಲ್ಯಾಪ್‌ಟಾಪಿನ ತಾಳವನ್ನು ಹಾಕಿ ನೋಡಿದನು. ಅದು ತಪ್ಪಿಲ್ಲದೆ ನಡೆಯುತ್ತಿತ್ತು, ಹೆಣವನ್ನು ಎಬ್ಬಿಸಿ ಕವಾಯತು ಮಾಡಿಸಿದಂತೆ.

ನಾಲ್ಕನೆಯ ದಿನ ಬೆಳಗ್ಗೆ ಗಾಳಿಗೆಂದು ಕಿಟಕಿಯನ್ನು ತೆರೆದಾಗ ಹೊರಗಿನ ಜಗಲಿಯಿಂದ ಒಂದು ಸದ್ದು ಬಂದಿತು. ಟರ್ರ್, ಟರ್ರ್, ಟರ್ರ್... ಏಳು ಬಾರಿ. ಮತ್ತೆ ಏಳು ಬಾರಿ. ಅನಂತರ "ಧಪ್". ಆ ಧಪ್ಪಿನ ಬೆನ್ನಿಗೇ ಮತ್ತೆ ಏಳು.

ಅಲ್ಲಿ ಕುಳಿತಿದ್ದವಳು ಸುಂಕಮ್ಮ. ನೇಮಕಲ್ಲು ಎಂಬ ಹಳ್ಳಿಯವಳು, ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಹನ್ನೆರಡು ವರ್ಷ ದುಡಿದು, ಅಲ್ಲಿನ ಬಸ್ಸು, ಬಾಡಿಗೆ, ಸೂಪರ್‌ವೈಸರು, ಎಲ್ಲವನ್ನೂ ಬೈದು ಮುಗಿಸಿ ಈ ಕಡೆಗೆ ಮರಳಿದ್ದಳು. ಪ್ಯಾಂಟಿನ ಸೊಂಟಕ್ಕೆ ಬೆಲ್ಟು ತೂರಿಸುವ ಲೂಪುಗಳನ್ನು ಭದ್ರಪಡಿಸುವ ಯಂತ್ರ ಅವಳದು. ದೊಡ್ಡವರ ಪ್ಯಾಂಟಿಗೆ ಏಳು ಲೂಪು. ಕೆಳತುದಿಗೆ ಒಂದು ಸುತ್ತು, ಮೇಲ್ತುದಿಗೆ ಒಂದು ಸುತ್ತು. ಮುಗಿದದ್ದನ್ನು ಒಂದು ಕೈ ರಾಶಿಗೆ ಎಸೆಯುವಷ್ಟರಲ್ಲಿ ಇನ್ನೊಂದು ಕೈ ಹೊಸದನ್ನು ಸೂಜಿಯಡಿಗೆ ನೂಕಿರುತ್ತಿತ್ತು. ಬೆಂಗಳೂರಿನ ಡ್ರಮ್ಮಿನವನು ಬೆವರು ಸುರಿಸಿ, ಬಾಯಲ್ಲಿ ಎಣಿಸುತ್ತ ಹಿಡಿಯುತ್ತಿದ್ದ ಏಳರ ತಾಳವನ್ನು ಈ ಹೆಂಗಸು ಪಕ್ಕದವಳೊಡನೆ ಸೊಸೆಯನ್ನು ಬೈಯುತ್ತ ಹಿಡಿದಿದ್ದಳು.

ರಂಗನಾಥನ ಪ್ರತಿಜ್ಞೆಯು ಆಗ ಒಂದು ಸಣ್ಣ ತಿದ್ದುಪಡಿಯನ್ನು ಪಡೆಯಿತು. ಬೇರೊಬ್ಬ ಕಲಾವಿದ ತಾನೆ ಕೂಡದು? ಯಂತ್ರವೇನೂ ಕಲಾವಿದನಲ್ಲವಲ್ಲ! ಹೀಗೆ ತನ್ನನ್ನು ತಾನೇ ಸಮಾಧಾನಪಡಿಸಿಕೊಂಡು, ಮೈಕನ್ನು ಕಿಟಕಿಯ ಸರಳಿನಿಂದ ಹೊರಕ್ಕೆ ತೂಗುಬಿಟ್ಟು, ಎರಡು ದಿನ ಕದ್ದು ಧ್ವನಿಮುದ್ರಿಸಿದನು. ಹದಿನೆಂಟು ನಿಮಿಷದ ಗೀತೆಯೊಂದು ಸಿದ್ಧವಾಯಿತು. ಒಂಬತ್ತನೆಯ ನಿಮಿಷದಲ್ಲಿ ಆ ಟರ್ರ್ ಸದ್ದು ತಾನಾಗಿಯೇ ನಿಂತು ಒಂದು ಮೌನವು ಉಂಟಾಗಿತ್ತು. ಆ ಮೌನದಲ್ಲಿ ಅವನ ಗಿಟಾರು ಆಕಾಶಕ್ಕೇರಿ, ಅಲ್ಲಲ್ಲಿ ಸುಳಿದಾಡಿ, ಮನಸ್ಸು ಬಂದಾಗ ಕೆಳಗಿಳಿಯುತ್ತಿತ್ತು. ಕೇಳಿ ಕೇಳಿ ಅವನಿಗೇ ಕಣ್ಣು ತೇವವಾಯಿತು.

ಮರುದಿನ ಚಹಾದ ಹೊತ್ತಿಗೆ ಸುಂಕಮ್ಮ ತಲೆಯೆತ್ತಿ ನೋಡಿದಳು.

"ತಮ್ಮಾ, ಇದೇನು ನನ್ನ ತಲಿಮ್ಯಾಲ ಬದ್ನಿಕಾಯಿ ತೂಗಾಡಕತ್ತೈತಿ?"

ರಂಗನಾಥನು ಕಿಟಕಿಯಲ್ಲಿ ಪ್ರತ್ಯಕ್ಷನಾಗಿ ಬೆಬ್ಬೆಬ್ಬೆ ಎಂದನು. "ಅದು... ಮೈಕು, ಸುಂಕಮ್ಮಕ್ಕ."

"ಮೈಕಾ! ಅಯ್ಯೋ, ನನ್ನ ಸೊಸಿಗೆ ಬೈದಿದ್ದೆಲ್ಲ ಒಳಗ ಹೋತೇನು?"

"ಇಲ್ಲಕ್ಕ, ಅದನ್ನೆಲ್ಲ ಕಟ್ ಮಾಡಿದೀನಿ. ಬರೀ ಮಿಷನ್ ಸದ್ದು."

"ಬೈಗಳ ಕಟ್ ಮಾಡಿ ಮಿಷನ್ ಇಟ್ಕಂಡಿ? ಚಲೋ ಇದ್ದದ್ದನ್ನೇ ಒಗದೀ ನೋಡು" ಎಂದು ನಕ್ಕು, "ತಾ, ಕೇಳ್ತೀನಿ" ಎಂದಳು.

ಅವಳು ಕೋಣೆಗೆ ಬಂದು ಒಂದು ಥಾನಿನ ಮೇಲೆ ಕುಳಿತು, ಹೆಡ್‌ಫೋನನ್ನು ಸೆರಗಿನ ಮೇಲೆಯೇ ಏರಿಸಿಕೊಂಡಳು. ನಾಲ್ಕು ನಿಮಿಷಕ್ಕೆ ಎದ್ದು ಹೋಗುವಳೆಂದು ರಂಗನಾಥನು ಎಣಿಸಿದ್ದನು. ಅವಳು ಹದಿನೆಂಟು ನಿಮಿಷವೂ ಕಣ್ಣು ಮುಚ್ಚಿ ಕುಳಿತಳು. ಅವಳ ಬಲಗೈ ಬೆರಳು ಮಾತ್ರ ಮೊಣಕಾಲಿನ ಮೇಲೆ ಎಣಿಸುತ್ತಿತ್ತು. ಬೆಂಗಳೂರಿನಲ್ಲಿ ಅವನ ಸಂಗೀತವನ್ನು ಇಷ್ಟು ಹೊತ್ತು ಯಾರೂ ಮಾತನಾಡದೆ ಕೇಳಿದ್ದಿಲ್ಲ.

ಅವಳು ಹೆಡ್‌ಫೋನನ್ನು ತೆಗೆದಳು. "ಇದರ ಮ್ಯಾಲ ಯಾರ ಹೆಸರು ಹಾಕ್ತಿ?"

"ನಂದು. ಇದು ಸೋಲೋ ಆಲ್ಬಮ್ ಅಕ್ಕ. ಸೋಲೋ ಅಂದ್ರೆ ಒಬ್ಬನೇ ಮಾಡಿದ್ದು."

"ಹೌದೌದು. ಇಪ್ಪತ್ತೊರ್ಸದಿಂದ ನಾವೂ ಹಿಂಗೇ. ನಾವು ಹೊಲಿಯಾದು, ಹಿಂದಗಡೆ ಲೇಬಲ್ ಯಾವನೋ ಧಣಿದು. ಅವನೂ ಒಬ್ಬನೇ ಮಾಡಿರ್ಬೇಕು, ಪಾಪ."

ರಂಗನಾಥನು ಹೆಡ್‌ಫೋನಿನ ವೈರನ್ನು ಸುತ್ತತೊಡಗಿದನು. "ಬೇಕಾದ್ರೆ ನಿಮ್ಮ ಹೆಸರೂ ಹಾಕ್ತೀನಿ, ಅಕ್ಕ."

"ಬ್ಯಾಡ! ಆಲ್ಟ್ರೇಷನ್ ಪೀಸಿಗೆ ನನ್ನ ಹೆಸರು ಯಾಕ?"

ಕಟಿಂಗ್ ವಿಭಾಗದವನಿಗೆ ಆ ಪದವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ತಪ್ಪು ಹೊಲಿಗೆಯೆಂದು ಚೆಕ್ಕರ್ ಹಿಂದಕ್ಕೆ ಎಸೆಯುವ ಮಾಲದು.

"ನಡುವ ನಿಂತೈತಲ್ಲ, ಅಲ್ಲಿ ದಾರ ಹರೀತು" ಎಂದು ಅವಳು ಮುಂದುವರಿಸಿದಳು. "ಪೋಣಿಸಿ ಮತ್ತ ಸುರು ಮಾಡೀನಿ. ನಂದು ನೆಟ್ಟಗೈತಿ. ನೀನು ಬರ್ಲೇ ಇಲ್ಲ. ಎರಡು ಲೂಪು ಆದಮ್ಯಾಲ ಓಡಿ ಬಂದು ಹತ್ತಿದಿ, ಬಸ್ ತಪ್ಪಿಸ್ಕಂಡೋರಂಗ."

"ಅದು ತಪ್ಪಲ್ಲ ಅಕ್ಕ. ಅದು ಫೀಲಿಂಗು."

"ಲೂಪ್ ಸೊಟ್ಟ ಆದ್ರ ಫೀಲಿಂಗ್ ಅಂದ್ರ ಚೆಕ್ಕರ್ ಬಿಡ್ತಾನೇನು?"

ಅವಳು ಚಹಾದ ಲೋಟವನ್ನೆತ್ತಿಕೊಂಡು ಹೊರಟುಹೋದಳು. ರಂಗನಾಥನು ಆ ಭಾಗವನ್ನು ಮತ್ತೆ ಹಾಕಿ, ಲೂಪುಗಳನ್ನು ಬೆರಳಿನಲ್ಲಿ ಎಣಿಸುತ್ತ ಕೇಳಿದನು. ಒಂದು. ಎರಡು. ಗಿಟಾರು ಬಂದಿರಲಿಲ್ಲ. ಇನ್ನೊಮ್ಮೆ ಕೇಳಿದನು. ಆಗಲೂ ಬಂದಿರಲಿಲ್ಲ. ಆ ಡ್ರಮ್ಮಿನವನು ಅಸೂಯೆಯಿಂದ ಅಂದನೆಂದು ತಾನು ಎಂಟು ತಿಂಗಳಿನಿಂದ ಊರೂರಿಗೆ ಸಾರಿಕೊಂಡು ಬಂದಿದ್ದನಲ್ಲ! ಸಂಗೀತದ ಗಂಧಗಾಳಿಯಿಲ್ಲದ, ಅವನ ಮೇಲೆ ಯಾವ ಹಗೆಯೂ ಇಲ್ಲದ ಹೆಂಗಸೊಬ್ಬಳು ಅದೇ ಜಾಗಕ್ಕೆ ಬೆರಳಿಟ್ಟಿದ್ದಳು, ಬಸ್ಸನ್ನೂ ಬಿಟ್ಟಿರಲಿಲ್ಲ. ಹದಿನೆಂಟು ನಿಮಿಷದ ಆ ಕಡತವನ್ನು ಅವನು ಅಳಿಸಿಹಾಕಿದನು. ಗಿಟಾರನ್ನೂ ಅದರ ವೈರನ್ನೂ ಮೈಕನ್ನೂ ಎತ್ತಿಕೊಂಡು ಜಗಲಿಗೆ ಬಂದನು.

"ಅಕ್ಕ, ಮತ್ತೆ ಮಾಡೋಣ. ಈ ಸಲ ನಿಮ್ಮೆದುರಿಗೇ."

ಸುಂಕಮ್ಮ ತಲೆಯೆತ್ತಲಿಲ್ಲ. "ಇವತ್ತು ಏಳಿಲ್ಲ. ಹುಡುಗ್ರ ಪ್ಯಾಂಟ್ ಬಂದಾವು. ಐದೇ ಲೂಪು."

"ನನ್ನ ಹಾಡಿರೋದು ಏಳಕ್ಕೆ!"

"ಹಂಗಾದ್ರ ದೊಡ್ಡೋರ ಆರ್ಡರ್ ಬರೋಗಂಟ ಕುಂದ್ರು. ಇಲ್ಲಾಂದ್ರ ಐದಕ್ಕ ಬಾರ್ಸು."

ಒಳಗೆ ಥಾನುಗಳು ಸೊಂಟದ ಎತ್ತರಕ್ಕೆ ಇಳಿದಿದ್ದವು. ರಂಗನಾಥನು ಐದಕ್ಕೆ ಬಾರಿಸಿದನು. ನಡುವೆ ಸುಂಕಮ್ಮ ಬೇಕೆಂದೇ ಕಾಲನ್ನು ತೆಗೆದು ಯಂತ್ರವನ್ನು ನಿಲ್ಲಿಸುವಳು, ಗಿಟಾರು ಮೇಲಕ್ಕೇರುವುದು, ಯಂತ್ರ ಮತ್ತೆ ಹೊರಡುವುದು, ಇವನು ಇನ್ನೂ ಮೋಡದಲ್ಲಿರುವನು. "ಆಲ್ಟ್ರೇಷನ್!" ಎಂದು ಅವಳು ಕೂಗುವಳು. ಯಂತ್ರಗಳ ಮುಂದಿನ ಹೆಂಗಸರೆಲ್ಲ ನಗುವರು. ಬಾಲರಾಜು ಬಂದು, "ಬಾಮೈದನ್ನ ಹೆಲ್ಪರ್ ಕೆಲ್ಸಕ್ಕ ಹಚ್ಚೀಯೇನು ಸುಂಕಮ್ಮ?" ಎಂದನು. "ಹೆಲ್ಪರ್ ಆಗಾಕ ಇನ್ನಾ ಟೈಮ್ ಐತ್ರಿ" ಎಂದಳು ಅವಳು.

ಹನ್ನೊಂದು ಸಲ ಆಲ್ಟ್ರೇಷನ್ ಆಯಿತು. ಹನ್ನೆರಡನೆಯ ಸಲ ಯಂತ್ರ ನಿಂತಾಗ ರಂಗನಾಥನು ಕಣ್ಣನ್ನು ಮುಚ್ಚಲಿಲ್ಲ. ಗಿಟಾರು ಏರುತ್ತಿದ್ದರೂ ಅವನ ದೃಷ್ಟಿ ಸುಂಕಮ್ಮನ ಬಲಗಾಲಿನ ಮೇಲಿತ್ತು. ಆ ಪಾದ ಒಂದಿಷ್ಟು ಸರಿಯಿತು. ಅವನು ಇದ್ದ ಎತ್ತರದಿಂದಲೇ ಧುಮುಕಿದನು. ಮೊದಲ ಟರ್ರೂ ಅವನ ತಂತಿಯೂ ಒಟ್ಟಿಗೆ ಬಿದ್ದವು. ಐದು, ಮತ್ತೆ ಐದು, ಧಪ್.

ಸುಂಕಮ್ಮ ಯಂತ್ರವನ್ನು ನಿಲ್ಲಿಸಿ ಸೊಂಟವನ್ನು ನೆಟ್ಟಗೆ ಮಾಡಿಕೊಂಡಳು. "ಹೂಂ," ಎಂದಳು, ಮಾಲನ್ನು ಪಾಸು ಮಾಡುವ ಚೆಕ್ಕರಿನಂತೆ. "ಇದು ಹೋಗ್ಲಿ."

ಮೈಕು ಅದನ್ನೂ ಹಿಡಿದಿತ್ತು. ಎರಡು ತಿಂಗಳ ಬಳಿಕ ಆಲ್ಬಮ್ಮು ಹೊರಬಂದಾಗ ಹೊದಿಕೆಯ ಮೇಲೆ ಗಡ್ಡವಿತ್ತು, ಎರಡು ಹೆಸರುಗಳಿದ್ದವು, "ಸೋಲೋ" ಎಂಬ ಪದವು ಇರಲಿಲ್ಲ. ಕೊನೆಯ ಗೀತೆಯ ಕೊನೆಯಲ್ಲಿ ಬರುವ ಸುಂಕಮ್ಮನ ಆ ಮೂರು ಪದಗಳನ್ನು ರಂಗನಾಥನು ಕಟ್ ಮಾಡಲಿಲ್ಲ. ಬ್ಯಾಂಡಿನವರಿಗೂ ಅವನು ಒಂದು ಪ್ರತಿಯನ್ನು ಕಳುಹಿಸಿದನು. ಡ್ರಮ್ಮಿನವನು ಕೇಳಿ ಒಂದೇ ಸಾಲಿನ ಉತ್ತರವನ್ನು ಬರೆದನು: "ಆ ಹೆಂಗಸಿನ ಫೋನ್ ನಂಬರ್ ಕಳಿಸು."