ನೀರು ಕುಡಿಯುವ ಕಾರು

ಆಸ್ಪತ್ರೆಯ ದಾರಿಯ ಏರಿನಲ್ಲಿ ಕಾರಿನ ಕೆಂಪು ದೀಪ ಹೊತ್ತಿಕೊಂಡಿತು. ಅದರ ಬೆನ್ನಿಗೇ ಎಂಜಿನ್ ಚಿತ್ರದ ಹಳದಿ ದೀಪ. ಸೊಸೆ ಬಾನೆಟ್ ಎತ್ತಿ ನೋಡಿದರೆ, ಎಂಜಿನ್ ತಣ್ಣಗಿಡುವ ಗುಲಾಬಿ ಬಣ್ಣದ ಕೂಲಂಟ್ ಡಬ್ಬಿಯ ತಳ ಸೇರಿತ್ತು. ಸೋರಿತೆನ್ನಲು ನೆಲದ ಮೇಲೆ ಒಂದು ಹನಿಯಿಲ್ಲ. ಹಿಂದಿನ ಸೀಟಿನಿಂದ ಅತ್ತೆ, "ಗಾಡಿಗೆ ಬಾಯಾರಿಕೆ ಕಣೆ, ನನ್ನ ಹಾಗೇನೇ" ಎಂದರು.

ಅತ್ತೆಯ ಕಿಡ್ನಿ ಕೈಕೊಟ್ಟು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ನಲವತ್ತು ಕಿಲೋಮೀಟರ್ ದೂರ ಹೋಗಿ ಡಯಾಲಿಸಿಸ್. ದಿನಕ್ಕೆ ಕುಡಿಯಬಹುದಾದ ನೀರು ನಾಲ್ಕೇ ಲೋಟ. ಸೊಸೆ ಅದನ್ನು ಅಳೆದು ಬಾಟಲಿಗೆ ತುಂಬಿ ಹಾಸಿಗೆಯ ಪಕ್ಕ ಇಡುತ್ತಿದ್ದಳು. ಅಡುಗೆಮನೆಯ ನಲ್ಲಿ ಸದ್ದಾದರೆ ಸಾಕು, ನಿದ್ದೆಗಣ್ಣಲ್ಲೇ "ಅತ್ತೇ!" ಎಂದು ಕೂಗುವಷ್ಟು ಕಾವಲು. ಗಂಡ ಹಡಗಿನ ಕೆಲಸದವನು, ವರ್ಷಕ್ಕೆ ಎರಡು ತಿಂಗಳು ಮನೆಗೆ ನೆಂಟ. ಈಚೆಗೆ ಡಾಕ್ಟರು, "ನಿಮ್ಮತ್ತೆ ನೀರು ತುಂಬಾ ಹಿಡಿತದಲ್ಲಿಟ್ಟಿದಾರೆ, ಭೇಷ್" ಎಂದಾಗ, ಆ ಭೇಷ್‌ನಲ್ಲಿ ಅರ್ಧ ತನ್ನ ಕಾವಲಿಗೆ ಸೇರಿದ್ದೆಂದು ಸೊಸೆ ಒಳಗೊಳಗೇ ಬೀಗಿದ್ದಳು.

ಕೂಲಂಟ್ ತುಂಬಿಸಿದರೂ ದೀಪ ಮತ್ತೆ ಮತ್ತೆ ಬಂತು. ಎರಡು ತಿಂಗಳಲ್ಲಿ ಕಾರು ಮೂರು ವರ್ಕ್‌ಶಾಪ್ ಕಂಡಿತು. ಮೊದಲನೆಯವನು ಡಬ್ಬಿಯ ಮುಚ್ಚಳ ಬದಲಿಸಿದ. ಎರಡನೆಯವನು ಕಂಪ್ಯೂಟರ್ ಸಿಕ್ಕಿಸಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದ. ಮೂರನೆಯವನು, "ಎಂಜಿನ್ನೇ ಬಿಚ್ಚಬೇಕು, ಮೂರು ವಾರ ಬಿಟ್ಟು ಹೋಗಿ" ಎಂದುಬಿಟ್ಟ.

"ಅಲ್ಲೀವರೆಗೂ ಟ್ಯಾಕ್ಸೀಲಿ ಹೋಗೋಣ ಅತ್ತೆ."

"ಒಂದ್ಸಲ ಹೋಗಿದ್ದೆನಲ್ಲ. ಸುಸ್ತಾಗಿ ವಾಂತಿ ಮಾಡ್ಕೊಂಡೆ ಅಂತ ಆ ಪುಣ್ಯಾತ್ಮ ಅರ್ಧ ದಾರೀಲಿ ಇಳಿಸಿದ. ನನ್ನ ಗಾಡಿ ಇದ್ರೆ ಬರ್ತೀನಿ, ಇಲ್ಲಾಂದ್ರೆ ಮನೇಲೇ ಬಿದ್ದಿರ್ತೀನಿ. ಏನಾಗುತ್ತೋ ಆಗ್ಲಿ."

ಹದಿನೆಂಟು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು. ಹಿಡಿದರೆ ಉಡದ ಪಟ್ಟು. ಸತತ ಎರಡು ಸಲ ಡಯಾಲಿಸಿಸ್ ತಪ್ಪಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರು.

ಎಲ್ಲರೂ ಟಾರ್ಚಕ್ಕ ಎಂದು ಕರೆಯುವವಳ ವಿಳಾಸ ಕೊಟ್ಟವನು ಆಸ್ಪತ್ರೆಯ ಆಂಬ್ಯುಲೆನ್ಸ್ ಡ್ರೈವರ್. ಒಂದೇ ಕಾರು ಹಿಡಿಸುವ ಶೆಡ್ಡು, ಒಳಗೆ ಹಣೆಗೆ ಟಾರ್ಚು ಕಟ್ಟಿಕೊಂಡ ಒಬ್ಬಳೇ ಮೆಕ್ಯಾನಿಕ್. ಅವಳು ಬಾನೆಟ್ ಮುಟ್ಟಲೇ ಇಲ್ಲ. ಸ್ಟೂಲು ಎಳೆದು ಕೂತು, ದೀಪ ಯಾವ ಹೊತ್ತಿಗೆ ಬರುತ್ತದೆ, ಏರಿನಲ್ಲೋ ಇಳಿಜಾರಿನಲ್ಲೋ, ಚಳಿಯಿತ್ತೋ ಬಿಸಿಲಿತ್ತೋ ಎಂದು ಅರ್ಧ ಗಂಟೆ ಕೇಳಿದಳು. ಆಮೇಲೆ ಸೈಲೆನ್ಸರಿನ ಹೊಗೆ ಮೂಸಿದಳು. ಆಯಿಲ್ ಮುಚ್ಚಳ ತೆಗೆದು ಬೆರಳಾಡಿಸಿದಳು. ಕೂಲಂಟ್ ಡಬ್ಬಿಗೆ ಕೈಪಂಪು ಕಟ್ಟಿ ಗಾಳಿ ಒತ್ತಿ ಪಂಪಿನ ಮುಳ್ಳನ್ನೇ ನೋಡುತ್ತ ನಿಂತಳು. ಸೋರಿಕೆಯಿದ್ದರೆ ಇಳಿಯಬೇಕಿದ್ದ ಮುಳ್ಳು ಅಲುಗಲಿಲ್ಲ. ಇಷ್ಟು ತಾಳ್ಮೆಯನ್ನು ಸೊಸೆ ಡಾಕ್ಟರರಲ್ಲೂ ಕಂಡಿರಲಿಲ್ಲ.

"ನೀರು ಎಂಜಿನ್ ಒಳಕ್ಕೆ ಸೋರ್ತಿಲ್ಲ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕಮ್ಮಾ?" ಎಂದು ಟಾರ್ಚಕ್ಕ ಡಬ್ಬಿಯ ಮೇಲೆ, ಸರಿಯಾಗಿ ನೀರಿನ ಮಟ್ಟಕ್ಕೆ, ನೈಲ್ ಪಾಲಿಶ್‌ನಿಂದ ಕೆಂಪು ಗೆರೆ ಎಳೆದಳು. "ಮೂರು ದಿನ ಪರೀಕ್ಷೆ. ತೊಟ್ಟು ನೀರೂ ಹಾಕ್ಬೇಡಿ. ದೀಪ ಬಂದ್ರೆ ನಿಲ್ಲಿಸಿ ಫೋನ್ ಮಾಡಿ."

ಸೊಸೆ ಮನೆಗೆ ಬಂದು ಅತ್ತೆಗೆ ಗೆರೆ ತೋರಿಸಿ ಎಲ್ಲ ಹೇಳಿದಳು. ಗಾಡಿ ಪರೀಕ್ಷೆಯಲ್ಲಿ ಫೇಲಾದರೆ ಶೆಡ್ಡಿಗೆ ಬಿಡಲೇಬೇಕಾದೀತು ಎಂಬುದನ್ನೂ ಸೇರಿಸಿದಳು. ಅತ್ತೆ ಹೂಂ ಎಂದರು.

ನಾಲ್ಕನೆಯ ದಿನ ಟಾರ್ಚಕ್ಕ ಬಾನೆಟ್ ಎತ್ತಿ ಗೆರೆಯತ್ತ ಬಗ್ಗಿ ನೋಡಿದಳು. ನೀರು ಗೆರೆಗಿಂತ ಒಂದು ಬೆರಳು ಮೇಲಿತ್ತು.

"ನೀರು ಕುಡಿಯೋ ಗಾಡಿ ಬೇಕಾದಷ್ಟು ನೋಡಿದೀನಿ. ನೀರು ಹೆರೋ ಗಾಡಿ ಇದೇ ಮೊದಲು!"

"ದೇವರಾಣೆಗೂ ನಾನು ಹಾಕಿಲ್ಲ ಅಕ್ಕ."

ಟಾರ್ಚಕ್ಕ ಒಂದು ಹನಿ ಬಿಳಿ ಕಾಗದದ ಮೇಲಿಟ್ಟಳು. ಗುಲಾಬಿ ತೆಳ್ಳಗಾಗಿ ಬರಿ ನೀರೇ ಆಗಿತ್ತು. ಅವಳು ರೇಗಲಿಲ್ಲ. "ನಾಳೆ ಬೆಳಗಿನ ಜಾವ ನಾನೇ ಮನೆಗೆ ಬರ್ತೀನಿ. ಎಲ್ಲರೂ ಓಡಿಸ್ಕೊಂಡು ಬಂದ ಬಿಸಿ ಎಂಜಿನ್ನೇ ನೋಡಿದೀವಿ. ತಣ್ಣಗಿರೋದನ್ನ ನೋಡ್ಬೇಕು" ಎಂದಳು.

ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಗೇಟಿನ ಬಳಿ ನಿಂತಿದ್ದಾಗ ಮನೆಯ ಬಾಗಿಲು ಮೆಲ್ಲಗೆ ತೆರೆಯಿತು. ಶಾಲು ಹೊದ್ದ ಅತ್ತೆ, ಕೈಯಲ್ಲಿ ಲೋಟ. ಒಂದಿಷ್ಟೂ ಸದ್ದಾಗದಂತೆ ಬಾನೆಟ್ ಎತ್ತಿ, ಮುಚ್ಚಳ ತಿರುಗಿಸಿ, ಹನಿ ಚೆಲ್ಲದಂತೆ ಡಬ್ಬಿಗೆ ಸುರಿದರು.

"ಅತ್ತೆ! ಇದೇನಿದು?"

ಅತ್ತೆ ಬೆಚ್ಚಿದರೂ ಸೋಲಲಿಲ್ಲ. "ನೀರು ನೋಡದೆ ಚಾವಿ ತಿರುಗಿಸಬಾರದು, ಅದು ಡ್ರೈವರ್ ಧರ್ಮ. ದೀಪ ಬಂದ ಮಾರನೇ ದಿನದಿಂದ ನೋಡ್ತಿದೀನಿ. ಇಳಿದಷ್ಟು ತುಂಬಿಸ್ತೀನಿ. ಈ ಮೂರು ದಿನ ಪರೀಕ್ಷೆ ಅಂದ್ಯಲ್ಲ, ಪಾಸಾಗ್ಲಿ ಅಂತ ಒಂದು ಲೋಟ ಜಾಸ್ತಿ ಹಾಕ್ದೆ."

ಟಾರ್ಚಕ್ಕನ ಹಣೆಯ ಟಾರ್ಚು ಅತ್ತೆಯತ್ತ ತಿರುಗಿತು. "ಅಜ್ಜೀ, ದಿನಾ ಎಷ್ಟು ಇಳೀತಿತ್ತು, ನೆನಪಿದ್ಯಾ?"

"ನೆನಪಿಲ್ದೆ ಏನು? ಸಾಮಾನ್ಯವಾಗಿ ಒಂದು ಲೋಟ. ಚಳಿ ಜಾಸ್ತಿ ಇದ್ದ ರಾತ್ರಿ ಒಂದೂವರೆ. ಸೆಕೆ ಇದ್ರೆ ಅರ್ಧಾನೂ ಇಲ್ಲ. ಹಗಲು ಎಷ್ಟು ಓಡಿಸಿದ್ರೂ ಲೆಕ್ಕಕ್ಕಿಲ್ಲ."

"ಮೂರು ವರ್ಕ್‌ಶಾಪ್‌ನೋರು, ಅವರ ಜತೆಗೆ ನಾನು, ಎಲ್ಲಾ ಸೇರಿ ಹಿಡೀದೆ ಇದ್ದದ್ದನ್ನ ನೀವು ಹಿಡಿದಿದೀರಿ" ಎಂದ ಟಾರ್ಚಕ್ಕ ಕೈಪಂಪು ಕಟ್ಟಿ ಕಾರಿನ ಕೆಳಗೆ ನುಸುಳಿದಳು. ಎರಡೇ ನಿಮಿಷ. ಎಂಜಿನ್ನಿನ ಹಿಂಬದಿಯ ರಬ್ಬರ್ ಪೈಪಿನ ಕೊನೆಯಲ್ಲಿ ಒಂದು ಹನಿ ಮೂಡಿತು, ಬಿತ್ತು, ಇನ್ನೊಂದು ಮೂಡಿತು. ಪೈಪು ಬಿಗಿಯುವ ಪಟ್ಟಿ ಸಡಿಲಗೊಂಡಿತ್ತು. ತಣ್ಣಗಾದಾಗ ರಬ್ಬರ್ ಕುಗ್ಗಿ ಸೋರುತ್ತಿತ್ತು, ಬಿಸಿಯಾದರೆ ಹಿಗ್ಗಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಸೋರಿದ್ದನ್ನು ಎಂಜಿನ್ ಕೆಳಗಿನ ತಟ್ಟೆಯ ದಪ್ಪ ಬಟ್ಟೆ ಹೀರಿಕೊಂಡು, ಓಡಾಟದ ಕಾವಿಗೆ ಒಣಗುತ್ತಿತ್ತು. ಹೊಸ ಪೈಪು, ಹೊಸ ಪಟ್ಟಿ, ಹೊಸ ಕೂಲಂಟ್; ಡಬ್ಬಿ ತುಂಬಿದ್ದರೂ ದೀಪ ಹೊತ್ತಿಸುತ್ತಿದ್ದ, ಪೈಪಿನೊಳಗೆ ಸಿಕ್ಕಿದ್ದ ಗಾಳಿ ತೆಗೆದ ಮೇಲೆ ಎರಡೂ ದೀಪ ಆರಿದವು. ಅತ್ತೆ ಆ ದಿನ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದರು.

ದಾರಿಯಲ್ಲಿ ಸೊಸೆಗೆ ಒಂದು ಪ್ರಶ್ನೆ ಕೊರೆಯುತ್ತಿತ್ತು. "ಅಲ್ಲ ಅತ್ತೆ, ನಲ್ಲಿ ತಿರುಗಿಸಿದ್ರೆ ನಂಗೆ ಎಚ್ಚರ ಆಗುತ್ತೆ. ಎರಡು ತಿಂಗಳು ಅಷ್ಟೊಂದು ನೀರು ಎಲ್ಲಿಂದ ತಂದ್ರಿ?"

ಅತ್ತೆ ಕಿಟಕಿಯ ಹೊರಗೆ ನೋಡಿದರು. "ನೀನೇ ಅಳೆದು ಇಡ್ತಿದ್ಯಲ್ಲ, ಬಾಟ್ಲಿ."

ಸೊಸೆ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ ಅತ್ತುಬಿಟ್ಟಳು.

ಮರುದಿನ ಬೆಳಗ್ಗೆ ಅತ್ತೆ ಎಂದಿನಂತೆ ಬಾನೆಟ್ ಎತ್ತಿ ನೋಡಿದರು. ನೀರು ಸರಿಯಾಗಿ ಗೆರೆಗೇ ನಿಂತಿತ್ತು. ಸೊಸೆ ಹೊರಗೆ ಬಂದು ಬಾಟಲಿಯಿಂದ ಒಂದು ಲೋಟ ಬಗ್ಗಿಸಿ ಕೊಟ್ಟಳು.

"ಇದು ಗಾಡಿಗಲ್ಲ ಅತ್ತೆ."

ಅತ್ತೆ ಕಾರಿಗೆ ಒರಗಿ ನಿಂತು, ಗುಟುಕು ಗುಟುಕಾಗಿ, ಪೂರ್ತಿ ಲೋಟ ಕುಡಿದರು.